ಶಸ್ತ್ರಚಿಕಿತ್ಸಾ ಕೋಣೆಗೆ ಬೀಗ ಹಾಕಿದ ಹಿರಿಯಕ್ಕ

ಪಶುವೈದ್ಯಕೀಯ ಎಂದೊಡನೆ ಕಣ್ಣಿಗೆ ಕಟ್ಟುವುದು ನರಳುವ ಪ್ರಾಣಿ ಮತ್ತು ಅದನ್ನು ಉಳಿಸುವ ವೈದ್ಯರು. ಆ ಪ್ರಾಣಿಯನ್ನು ಅವುಚಿ ಹಿಡಿದ ಕೈಗಳಿಗೂ ರಕ್ಷಣೆ ಬೇಕೆಂಬುದು ಹೊಳೆಯುವುದು ಬಹಳ ತಡವಾಗಿ. ಅದನ್ನು ಎಲ್ಲರಿಗಿಂತ ಮೊದಲು ಕಂಡವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಆಸ್ಪತ್ರೆಯ ಮುಖ್ಯ ದಾದಿ, ಎಲ್ಲರ ಬಾಯಲ್ಲೂ 'ಹಿರಿಯಕ್ಕ' ಆಗಿರುವವರು.

ಮೂವತ್ತೊಂದು ವರ್ಷಗಳ ಹಿಂದೆ ಬೋನು ತೊಳೆಯುವ ಕೆಲಸಕ್ಕೆ ಸೇರಿದ ಅವರು, ದುಡಿಯುತ್ತಲೇ ದಾದಿಯ ತರಬೇತಿ ಮುಗಿಸಿದರು. ಯಾರಿಗೂ ಬೇಡವಾಗಿದ್ದ ಸಿಬ್ಬಂದಿ ಸುರಕ್ಷತೆಯ ಹೊಣೆಯನ್ನು ಕೇಳಿ ಪಡೆದರು. ಬೆಕ್ಕು ಕಚ್ಚಿದ್ದನ್ನು 'ಏನಿಲ್ಲ ಬಿಡಿ' ಎಂದು ಅಂಗಿಯ ತೋಳಿನೊಳಗೆ ಮುಚ್ಚಿಕೊಂಡವರನ್ನು ಎಳೆತಂದು ಹದಿನೈದು ನಿಮಿಷ ನಲ್ಲಿಯ ಕೆಳಗೆ ಕೈ ಹಿಡಿಸುತ್ತಿದ್ದರು. ಎಕ್ಸ್‌ರೇ ಕೋಣೆಯ ಸೀಸದ ಅಂಗಿ ಭಾರವೆಂದು ಗೊಣಗಿದವರಿಗೆ ತಾವೇ ಪಟ್ಟಿ ಬಿಗಿಯುತ್ತಿದ್ದರು.

ಎಂಟು ವರ್ಷಗಳ ಹಿಂದಿನ ಒಂದು ಮಂಗಳವಾರವನ್ನು ಮಾತ್ರ ಇಲ್ಲಿ ವಿಸ್ತಾರವಾಗಿ ಹೇಳಲೇಬೇಕು. ವಾರದ ಶಸ್ತ್ರಚಿಕಿತ್ಸೆಗಳೆಲ್ಲ ನಡೆಯುತ್ತಿದ್ದುದು ಮಂಗಳವಾರವೇ. ಆಗಷ್ಟೇ ಸೇರಿದ್ದ ಕಿರಿಯ ವೈದ್ಯೆಯೊಬ್ಬರು ಎರಡು ತಿಂಗಳ ಗರ್ಭಿಣಿ. ಶಸ್ತ್ರಚಿಕಿತ್ಸೆಯ ಪಟ್ಟಿಯಿಂದ ತನ್ನನ್ನು ಕೈಬಿಟ್ಟಾರೆಂಬ ಅಳುಕಿನಿಂದ ತಾಯಿಗೂ ಹೇಳಿರಲಿಲ್ಲ. ಬೆಳಗಿನ ಮೊದಲ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಹಣೆಯನ್ನು ತಣ್ಣನೆಯ ಕಿಟಕಿ ಗಾಜಿಗೆ ಒತ್ತಿ ನಿಂತಿದ್ದ ಅವರು ಹಿರಿಯಕ್ಕನ ಕಣ್ಣಿಗೆ ಬಿದ್ದರು.

"ಮಂಗಳವಾರಾನೇ ಯಾಕಮ್ಮ ನಿಂಗೆ ತಲೆನೋವು?"

"ನಿದ್ದೆ ಸಾಲ್ದು ಅಕ್ಕಾ."

"ನೆಲ ಒರೆಸೋನಿಗೂ ಮಂಗಳವಾರಾನೇ ತಲೆ ಸುತ್ತುತ್ತೆ. ಅವನೂ ನಿದ್ದೆಗೆಟ್ಟಿದ್ದಾನಾ?"

ಕಿರಿಯ ವೈದ್ಯೆಗೆ ಅಳು ಉಕ್ಕಿ ಬಂತು; ಎಲ್ಲವನ್ನೂ ಹೇಳಿಬಿಟ್ಟರು. ಹಿರಿಯಕ್ಕ ಅವರ ಕೈಯನ್ನೊಮ್ಮೆ ಅದುಮಿ, ನೇರ ಶಸ್ತ್ರಚಿಕಿತ್ಸಾ ಕೋಣೆಗೆ ನಡೆದು, ಎರಡು ತಿಂಗಳ ಹಿಂದೆ ತಂದಿರಿಸಿದ್ದ ಹೊಸ ಬೀರುವನ್ನು ಗೋಡೆಯಿಂದ ಸರಿಸಿದರು. ಮಿಕ್ಕ ಅರಿವಳಿಕೆ ಅನಿಲವನ್ನು ಹೊರಗೊಯ್ಯುವ ಕೊಳವೆ ಬೀರುವಿನ ಒತ್ತಿಗೆ ಗೇಣುದ್ದ ಸೀಳಿತ್ತು! ಅಂದರೆ ಪ್ರಾಣಿಗೆ ಕೊಟ್ಟ ಮದ್ದನ್ನು ಅಲ್ಲಿ ನಿಂತವರೆಲ್ಲ ಎರಡು ತಿಂಗಳಿಂದ ಉಸಿರಾಡುತ್ತಿದ್ದರು. ಹಿರಿಯಕ್ಕ ಕೋಣೆಗೆ ಬೀಗ ಜಡಿದು, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಲ್ಲೇ ನಿಂತರು.

ಮುಖ್ಯ ವೈದ್ಯರು ಕೆಂಡವಾದರು. "ಒಂಬತ್ತು ಪ್ರಾಣಿ ಕಾಯ್ತಿವೆ! ಮೂವತ್ತು ವರ್ಷದಿಂದ ಇಲ್ಲೇ ನಿಂತಿದ್ದೀನಿ, ನಂಗೇನಾಗಿದೆ?"

ಗರ್ಭಿಣಿಯ ವಿಷಯ ಎತ್ತಿದ್ದರೆ ವಾದ ಒಂದೇ ಮಾತಿಗೆ ಮುಗಿಯುತ್ತಿತ್ತು. ಕಿರಿಯ ವೈದ್ಯೆ ಹಿಂದೆಯೇ ನಿಂತು ಕೇಳುತ್ತಿದ್ದರು. ಹಿರಿಯಕ್ಕ ಅದನ್ನು ತುಟಿಗೇ ತರಲಿಲ್ಲ.

"ಸಾರ್, ಎರಡು ತಿಂಗಳಿಂದ ಮಂಗಳವಾರ ಸಂಜೆ ನಿಮ್ಮ ಸಿಡುಕು ತಡೆಯೋಕಾಗ್ತಿಲ್ಲ. ತಲೆ ನೋಯಲ್ಲ ಅಂತ ನನ್ನ ಮುಖ ನೋಡಿ ಹೇಳಿ, ಕೀಲಿ ಕೊಡ್ತೀನಿ."

ಮುಖ್ಯ ವೈದ್ಯರು ಹಣೆ ಸವರಿಕೊಂಡರು. "ನೋಯುತ್ತೆ," ಎಂದರು ಮೆಲ್ಲಗೆ.

ಮರುಗಳಿಗೆಯಲ್ಲೇ ಹೊಟ್ಟೆ ತಿರುಚಿಕೊಂಡ ದೊಡ್ಡ ನಾಯಿಯೊಂದನ್ನು ಎತ್ತಿ ತಂದರು. ಅದಕ್ಕೆ ನಾಳೆಯೆಂಬುದಿರಲಿಲ್ಲ. ಹಿರಿಯಕ್ಕ ತಪಾಸಣಾ ಕೋಣೆಯ ಮೇಜನ್ನು ಕ್ಷಣದಲ್ಲಿ ತೊಳೆದು ಅಣಿ ಮಾಡಿದರು. ಅನಿಲದ ಬದಲು ಚುಚ್ಚುಮದ್ದಿನಲ್ಲೇ ಅರಿವಳಿಕೆ. ಮುಖ್ಯ ವೈದ್ಯರ ಎದುರು ನಿಂತು ನೆರವಾದವರು ಅದೇ ಕಿರಿಯ ವೈದ್ಯೆ. ಮರುದಿನ ನಾಯಿ ಎದ್ದು ನಿಂತು ಬಾಲ ಬೀಸಿದಾಗ ಆಸ್ಪತ್ರೆಗೆ ಆಸ್ಪತ್ರೆಯೇ ಕುಣಿದಾಡಿತು!

ಆ ವಾರವೇ ಕೊಳವೆ ಹೊಸದಾಯಿತು. ಪ್ರತಿ ತಿಂಗಳ ತಪಾಸಣೆ ನಿಯಮವಾಯಿತು; ಗರ್ಭಿಣಿಯರು ಗುಟ್ಟಾಗಿ ತಿಳಿಸಿ ಅಪಾಯವಿಲ್ಲದ ಕೆಲಸ ಪಡೆಯಬಹುದೆಂಬ, ಆ ನೆಪದಲ್ಲಿ ಶಸ್ತ್ರಚಿಕಿತ್ಸೆಯ ಪಟ್ಟಿಯಿಂದ ಯಾರ ಹೆಸರನ್ನೂ ಅಳಿಸಬಾರದೆಂಬ ನಿಯಮವೂ ಬಂತು. ಕಿರಿಯ ವೈದ್ಯೆಯ ಮಗಳಿಗೆ ಈಗ ಏಳು ವರ್ಷ. ಬರುವ ತಿಂಗಳಿಂದ ಸುರಕ್ಷತೆಯ ಹೊಣೆ ಆ ತಾಯಿಯದೇ.

ಹಿರಿಯಕ್ಕನವರಾದರೋ ಸುಮ್ಮನೆ ಕೂರುವವರಲ್ಲ. ಬೇರೆ ಊರುಗಳ ಪಶು ಆಸ್ಪತ್ರೆಗಳಿಗೆ ಹೋಗಿ ಹೊಸಬರಿಗೆ ಪಾಠ ಹೇಳಲು ಈಗಾಗಲೇ ಒಪ್ಪಿದ್ದಾರೆ. ಅವರ ಆಯುಷ್ಯ ಗಟ್ಟಿಯಾಗಿರಲಿ, ದನಿ ಇನ್ನಷ್ಟು ಜೋರಾಗಲಿ. ಅವರನ್ನು ಎಂದೂ ಕಾಣದ ಎಷ್ಟೋ ಮಂದಿ ಪ್ರತಿ ಸಂಜೆ ಕೈಕಾಲು ನೆಟ್ಟಗಿಟ್ಟುಕೊಂಡು, ನಗುನಗುತ್ತ ಮನೆ ಸೇರಲಿ.