ಮಲಾಂಗಿನಿಂದ ಬಂದ ಕ್ಯಾಸೆಟ್

ಪಾಕ್ ತುಕಿರಾನ್ ಬಾಯಿಂದ 'ಇಲ್ಲ' ಎಂಬ ಮಾತು ಹೊರಟಿದ್ದನ್ನು ಕೇಳಿದವರು ಸೋಲೊ ಊರಿನಲ್ಲಿ ಯಾರೂ ಇರಲಾರರು. ಗಂಡಸರ ಹೆಸರಿಗೆ ಪಾಕ್, ಹೆಂಗಸರ ಹೆಸರಿಗೆ ಬು ಸೇರಿಸಿ ಕರೆಯುವುದು ಇಲ್ಲಿನ ಮರ್ಯಾದೆ. ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಬೇರೆ ಊರುಗಳ ಗ್ರಂಥಾಲಯಗಳಿಂದ ಪುಸ್ತಕ ಎರವಲು ತರಿಸಿಕೊಡುವ ಮೇಜಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂರುತ್ತಿದ್ದೆವು. ಸಿಗುವುದೇ ಇಲ್ಲವೆಂದು ಖಾತ್ರಿಯಾದ ಪುಸ್ತಕದ ಬಗ್ಗೆಯೂ ಅವರು "ಬರುತ್ತೆ, ನೋಡೋಣ" ಎನ್ನುತ್ತಿದ್ದರು. ಕೇಳಿದ ಹುಡುಗ ಪದವಿ ಮುಗಿಸಿ, ಮದುವೆಯಾಗಿ, ಮಗುವನ್ನೆತ್ತಿಕೊಂಡು ಬಂದು ವಿಚಾರಿಸಿದರೂ ಅದೇ ಉತ್ತರ, ಅದೇ ನಗು. ನಾನು ಬನ್ಯುಮಾಸ್ ಕಡೆಯವಳು. ನಮ್ಮ ಕಡೆ ಮಾತೆಂದರೆ ಕಡ್ಡಿ ಮುರಿದ ಹಾಗೆ. ಸೋಲೊದ ನಾಜೂಕಿನ ಜನಕ್ಕೆ ನಾವು ಮಾತಾಡಿದರೆ ಜಗಳವಾಡಿದಂತೆ ಕೇಳಿಸುತ್ತದಂತೆ. ಕೇಳಿಸಲಿ ಬಿಡಿ.

ಅವರ ಹೆಂಡತಿ ಬು ರುಮಿಯಾತಿ ಒಂದು ಕಾಲದಲ್ಲಿ ಕಂಚಿನ ವಾದ್ಯಗಳ ಗಮೆಲಾನ್ ಮೇಳದಲ್ಲಿ ಹಾಡುತ್ತಿದ್ದರು. ಕ್ಲಾತೆನ್, ಬೊಯೊಲಾಲಿ ಸುತ್ತಿನ ಹಳ್ಳಿಗಳಲ್ಲಿ ತೊಗಲುಗೊಂಬೆಯಾಟವೆಂದರೆ ಜನ ಮೊದಲು ಕೇಳುತ್ತಿದ್ದುದು ಹಾಡಲು ಯಾರು ಬರುತ್ತಾರೆ ಎಂದು. ಪಾಕ್ ತುಕಿರಾನ್ ಕೂಡ ಗೊಂಬೆ ನೋಡಲು ಹೋಗಿ ಗೊಂಬೆ ನೋಡದೆ ಬಂದವರೇ. ಆದರೆ ಪಟ್ಟಣದ ದೊಡ್ಡ ಗಾಯಕಿಯರ ಹಾಗೆ ಬು ರುಮಿಯಾತಿಯನ್ನು ಯಾರೂ ಕರೆದು ಕ್ಯಾಸೆಟ್ ಮಾಡಿಸಲಿಲ್ಲ. ಹಾಡಿದ್ದೆಲ್ಲ ಗದ್ದೆಯ ಮೇಲಿನ ಗಾಳಿಗೆ ಹೋಯಿತು. ಆಮೇಲೆ ಗಂಟಲಲ್ಲಿ ಗಂಟು ಎದ್ದಿತು. ವೈದ್ಯರು ಪ್ರಾಣ ಉಳಿಸಲು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕತ್ತಿನಲ್ಲಿ ಒಂದು ತೂತು, ಅದನ್ನು ಮುಚ್ಚಲು ಹೂವಿನ ಚಿತ್ತಾರದ ವಸ್ತ್ರ. ಮಾತಾಡಬೇಕೆಂದರೆ ತುಟಿ ಮಾತ್ರ ಆಡಿಸುತ್ತಿದ್ದರು, ನಾವು ನೋಡಿ ತಿಳಿದುಕೊಳ್ಳಬೇಕು.

ಒಮ್ಮೆ ನಾನು ಹುರುಳಿಕಾಯಿ ಸಾರು ಮಾಡಿಕೊಂಡು ನೋಡಲು ಹೋಗಿದ್ದೆ. ಬು ರುಮಿಯಾತಿ ನನ್ನ ಮಣಿಕಟ್ಟು ಹಿಡಿದು ತುಟಿ ಆಡಿಸಿದರು. ನನಗೆ ತಿಳಿಯಲಿಲ್ಲ. ಗಂಡ ಬಿಡಿಸಿ ಹೇಳಿದರು. ಹಿಂದೆ ಯಾವನೋ ಪರದೇಶದವನು ಒಂದು ರಾತ್ರಿಯ ಆಟವನ್ನು ಯಂತ್ರವಿಟ್ಟು ಹಿಡಿದುಕೊಂಡು ಹೋಗಿದ್ದನಂತೆ. ಅದು ಎಲ್ಲಾದರೂ ಇದೆಯೇ? ಸಾಯುವ ಮುಂಚೆ ಒಂದೇ ಒಂದು ಸಲ ತನ್ನ ದನಿ ಕೇಳಬೇಕು. ಹೇಗಿತ್ತೆಂದು ತನಗೇ ಮರೆತುಹೋಗುತ್ತಿದೆ.

ಇಂಥ ಕೆಲಸವೆಂದರೆ ನನಗೆ ಮೈಮೇಲೆ ಬಂದ ಹಾಗೆ. ಊರೂರ ಗ್ರಂಥಾಲಯಗಳ ಪಟ್ಟಿ ಜಾಲಾಡಿದೆ. ಕೊನೆಗೆ ಮಲಾಂಗಿನ ಒಂದು ವಿಶ್ವವಿದ್ಯಾಲಯದಲ್ಲಿ ಸಿಕ್ಕಿತು. ಆ ಪರದೇಶದವನು ತನ್ನ ದೇಶಕ್ಕೆ ಹೋಗುವಾಗ ತನ್ನ ಕ್ಯಾಸೆಟ್ಟುಗಳನ್ನೆಲ್ಲ ಅಲ್ಲೇ ಬಿಟ್ಟುಹೋಗಿದ್ದ. ಹಳ್ಳಿಯ ಹೆಸರು, ಗೊಂಬೆಯಾಡಿಸಿದವರ ಹೆಸರು ಇತ್ತು, ಹಾಡಿದವಳ ಹೆಸರು ಇರಲಿಲ್ಲ. ಒಂದು ತಿಂಗಳ ಎರವಲು, ಪ್ರತಿ ಮಾಡಿಕೊಳ್ಳುವಂತಿಲ್ಲ, ಅವಧಿ ಮುಗಿದ ಕೂಡಲೇ ವಾಪಸು. ಇದು ಒಂದು ಗ್ರಂಥಾಲಯ ಇನ್ನೊಂದನ್ನು ನಂಬಿ ಕೊಡುವ ಸಾಲ. ಒಳಗೆ ಯಾರ ಕೈಗೆ ಹೋಗುತ್ತದೆಂಬುದು ನಮಗೇ ಬಿಟ್ಟದ್ದು, ಪೆಟ್ಟಿಗೆಯ ಮೇಲೆ ಯಾರ ಹೆಸರೂ ಇರುವುದಿಲ್ಲ.

ಕ್ಯಾಸೆಟ್ ಬಂದ ದಿನ ಪಾಕ್ ತುಕಿರಾನ್ ಅದನ್ನು ಕರವಸ್ತ್ರದಿಂದ ಒರೆಸಿ ಮೇಜಿನ ಮೇಲಿಟ್ಟುಕೊಂಡು, ಸಂಜೆಯಾಗುವುದನ್ನೇ ಕಾಯುತ್ತ ಕೂತಿದ್ದರು. ಅಷ್ಟರಲ್ಲಿ ಸಂಗೀತ ವಿಭಾಗದ ಡಾಕ್ಟರ್ ಬಾಸ್ಕೊರೊ ಬಂದರು. ತಪ್ಪು ಹೇಳಬಾರದು, ಒಳ್ಳೆಯ ಮನುಷ್ಯ. ಪೆಟ್ಟಿಗೆ ಕಂಡದ್ದೇ ತಡ, ಮುಖ ಅರಳಿತು. ಈ ಕ್ಯಾಸೆಟ್ಟಿಗಾಗಿ ವರ್ಷಗಟ್ಟಲೆ ಹುಡುಕಿದ್ದೇನೆ, ಇದು ಯಾರಿಗೆ ಬಂದದ್ದು ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಪಾಕ್ ತುಕಿರಾನ್ ಎದ್ದು ನಿಂತಾಗಿತ್ತು. ಬೆನ್ನು ಬಾಗಿಸಿ, ಎಡಗೈಯಿಂದ ಬಲಗೈ ಹಿಡಿದು, ಇಲ್ಲಿನ ಮರ್ಯಾದೆಯಂತೆ ಹೆಬ್ಬೆರಳಿನಿಂದ ಪೆಟ್ಟಿಗೆ ತೋರಿಸಿ, "ತಗೊಳ್ಳಿ ಪಾಕ್" ಎಂದುಬಿಟ್ಟರು.

ಡಾಕ್ಟರ್ ಹೋದ ಮೇಲೆ ನಾನು ತಡೆದುಕೊಳ್ಳಲಿಲ್ಲ.

"ನಿಮ್ಗೇನ್ ಬುದ್ಧಿಗಿದ್ಧಿ ಇದೆಯಾ? ಮನೇಲಿ ಆಯಮ್ಮ ಬಾಗ್ಲು ಕಾಯ್ತಾ ಕೂತಿರ್ತಾಳೆ."

"ಅಷ್ಟು ದೊಡ್ಡೋರು ಆಸೆಪಟ್ಟು ಕೇಳಿದ್ರು, ಬು ದರ್ಸಿ. ಎದುರಿಗೆ ನಿಂತು ಹೇಗೆ ಕೊಡಲ್ಲ ಅನ್ಲಿ? ಎರಡು ದಿನ ಕೇಳಿ ಕೊಡ್ತಾರೆ."

ದಾಕ್ಷಿಣ್ಯ ಎಂದರೆ ಇದು. ಸೋಲೊದಲ್ಲಿ ಅದನ್ನು ತಾಯಿಯ ಹಾಲಿನ ಜೊತೆ ಕುಡಿಸುತ್ತಾರೆ. ಎರಡು ದಿನ ಹೋಗಿ ವಾರವಾಯಿತು. ಬು ರುಮಿಯಾತಿ ಸಂಜೆ ಸಂಜೆ ಗಂಡನ ಚೀಲ ನೋಡುವರು, ತುಟಿ ಆಡಿಸಿ ಬಂತೇ ಎಂದು ಕೇಳುವರು. ಗಂಡ ಮಾತ್ರ ಬರುತ್ತೆ, ನೋಡೋಣ ಎನ್ನುವರು. ಗಂಜಿಯೂ ಇಳಿಯದ ಸ್ಥಿತಿಗೆ ಬಂದಿದ್ದ ಹೆಂಗಸಿಗೆ ಆ ಮಾತು.

ನನ್ನ ಕಾಟ ತಾಳಲಾರದೆ ಪಾಕ್ ತುಕಿರಾನ್ ಒಂದು ದಿನ ಇಸ್ತ್ರಿ ಮಾಡಿದ ಬಾಟಿಕ್ ಅಂಗಿ ತೊಟ್ಟು ಡಾಕ್ಟರ್ ಮನೆಗೆ ಹೋದರು. ಕುರ್ಚಿಯ ಅಂಚಿನಲ್ಲಿ ಕೂತರು. ಚಹಾ ಕುಡಿದರು. ಮಳೆಯ ಬಗ್ಗೆ ಮಾತಾಡಿದರು, ಅಂಗಳದ ಕೊಳದ ಮೀನುಗಳನ್ನು ಹೊಗಳಿದರು, ಮನೆಗೆ ಬಂದರು. ಏನಾದರೂ ಕೆಲಸವಿತ್ತೇ ಎಂದು ಅವರು ಕೇಳಿದ್ದಕ್ಕೆ, ಈ ಕಡೆ ಬಂದಿದ್ದೆ, ಹಾಗೇ ಬಂದೆ ಎಂದರಂತೆ. ಮತ್ತೆ ನಾಲ್ಕು ದಿನ ಬಿಟ್ಟು, ಕರಿದ ಬಾಳೆಹಣ್ಣಿನ ಪೊಟ್ಟಣ ಹಿಡಿದು ಹೋದರು. ಮರುದಿನ ಅವರ ಮುಖದಲ್ಲಿ ಹಬ್ಬ.

"ಅವರಿಗೆ ಅರ್ಥವಾಯ್ತು, ಬು. ಅವರೇ ಹೇಳಿದ್ರು, 'ನೀವು ಬಂದಿದ್ದು ಯಾತಕ್ಕೆ ಅಂತ ಗೊತ್ತಾಯ್ತು ಪಾಕ್, ಹೇಳೋದು ಬೇಡ, ನಾನು ನೋಡ್ಕೋತೀನಿ' ಅಂತ."

"ಏನ್ ಅರ್ಥವಾಯ್ತಂತೆ? ನೀವು ಕ್ಯಾಸೆಟ್ ಅಂತ ಬಾಯ್ಬಿಟ್ರಾ?"

"ನನ್ನಿಂದ ಬಾಯ್ಬಿಡಿಸೋ ಅಷ್ಟು ಒರಟಾ ಅವರು? ಎರಡನೇ ಸಲ ಬಂದೋನು ಏನೋ ಬೇಕಾಗೇ ಬಂದಿರ್ತಾನೆ ಅಂತ ಅವರಿಗೆ ತಿಳಿಯಲ್ವಾ?"

ನಾನೇ ಹೋಗಿ ಹೇಳುತ್ತೇನೆಂದೆ. ಕೈ ಮುಗಿದರು. ದೊಡ್ಡವರು ಮಾತು ಕೊಟ್ಟ ಮೇಲೆ ಹೋಗಿ ನೆನಪಿಸಿದರೆ ಅವರ ಮಾತನ್ನು ನಂಬಲಿಲ್ಲ ಎಂದಾಗುತ್ತದೆ, ಆಮೇಲೆ ತಾನು ಅವರಿಗೆ ಮುಖ ತೋರಿಸುವಂತಿಲ್ಲ ಎಂದರು. ನೆರೆಮನೆಯವರಿಂದ ಕ್ಯಾಸೆಟ್ ಹಾಕುವ ಯಂತ್ರ ತಂದು ಹೆಂಡತಿಯ ಹಾಸಿಗೆಯ ಪಕ್ಕ ಇಟ್ಟಾಗಿತ್ತು. ಅವರ ಸಂಭ್ರಮ ನೋಡಿ ನಾನೂ ನಂಬಿದೆ. ಈ ಊರಿನ ನೀರು ಕುಡಿದು ನಾನೂ ಮೆತ್ತಗಾಗಿದ್ದೆ.

ಬು ರುಮಿಯಾತಿ ಒಂದು ಶುಕ್ರವಾರ ಬೆಳಿಗ್ಗೆ ಹೋದರು. ಯಂತ್ರ ಅಲ್ಲೇ ಇತ್ತು, ಬಾಯಿ ತೆರೆದುಕೊಂಡು, ಒಳಗೆ ಏನೂ ಇಲ್ಲದೆ. ಹೆಂಗಸರ ಜೊತೆ ನಾನೂ ಸೇರಿ ಮೈ ತೊಳೆದೆ. ಕತ್ತಿನ ಆ ತೂತಿನ ಹತ್ತಿರ ನೀರು ಹೊಯ್ಯುವಾಗ ಒಳಗೆ ಇಳಿಯದ ಹಾಗೆ ಅಂಗೈ ಅಡ್ಡ ಹಿಡಿದೆ. ಮಧ್ಯಾಹ್ನದ ನಮಾಜಿಗೆ ಮುಂಚೆ ಮಣ್ಣು ಮಾಡಿದರು.

ಡಾಕ್ಟರ್ ಬಾಸ್ಕೊರೊ ಆ ವಾರವೆಲ್ಲ ಜಕಾರ್ತಾದಲ್ಲಿದ್ದರು. ಎರವಲಿನ ಅವಧಿ ಮುಗಿಯುವ ದಿನ ಸರಿಯಾಗಿ ಬಂದರು. ಸುದ್ದಿ ದಾರಿಯಲ್ಲೇ ತಿಳಿದಿತ್ತು. ಪಾಕ್ ತುಕಿರಾನ್ ಕೈಗಳನ್ನು ತಮ್ಮ ಎರಡು ಕೈಗಳಲ್ಲಿ ಹಿಡಿದು ಬಹಳ ಹೊತ್ತು ಸಂತಾಪ ಹೇಳಿದರು. ಆಮೇಲೆ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟು, ದುಃಖದ ನಡುವೆ ಇದೊಂದು ಸಮಾಧಾನದ ಸುದ್ದಿ ಎಂದು ಕಿಸೆಯಿಂದ ಕಾಗದ ತೆಗೆದರು. ಪಾಕ್ ತುಕಿರಾನ್ ನಿವೃತ್ತಿ ಹತ್ತಿರ ಬಂದಿತ್ತು. ಇನ್ನೊಂದು ವರ್ಷ ಕೆಲಸದಲ್ಲಿ ಮುಂದುವರಿಸಬೇಕೆಂದು ಡಾಕ್ಟರ್ ಕುಲಪತಿಗಳ ಮನೆಬಾಗಿಲಿಗೆ ನಾಲ್ಕಾರು ಸಲ ಓಡಾಡಿ ಸಹಿ ಹಾಕಿಸಿದ್ದರು.

"ನೀವು ಎರಡು ಸಲ ಬಂದು ಏನೂ ಹೇಳದೆ ಹೋದಾಗ್ಲೇ ನಂಗೆ ತಿಳೀತು ಪಾಕ್."

ಪಾಕ್ ತುಕಿರಾನ್ ಕಾಗದವನ್ನು ಎರಡು ಕೈಯಲ್ಲಿ ಇಸಿದುಕೊಂಡು, ಬೆನ್ನು ಬಾಗಿಸಿ, ಬಹಳ ಉಪಕಾರವಾಯಿತು ಎಂದರು. ನಿಜವಾಗಿ ಹಾಗೇ ಅಂದರು. ಇಬ್ಬರ ಆ ಸೌಜನ್ಯ ನೋಡಿ ನನಗೆ ಮೈ ಉರಿಯಿತು.

"ಅವರು ಬಂದಿದ್ದು ಈ ಕ್ಯಾಸೆಟ್ಟಿಗೆ," ಎಂದೆ. "ಇದ್ರಲ್ಲಿ ಹಾಡಿರೋದು ಅವರ ಹೆಂಡ್ತಿ. ಸಾಯೋ ಮುಂಚೆ ಒಂದ್ಸಲ ಕೇಳ್ಬೇಕು ಅಂತ ಆಯಮ್ಮಂಗೇ ತರಿಸಿದ್ದು."

ಡಾಕ್ಟರ್ ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಆ ದನಿಯನ್ನು ತಿಂಗಳಿಡೀ ಕೇಳಿದ್ದರು, ಯಾರದೆಂದು ತಿಳಿಯದೆ ಹತ್ತಾರು ಕಡೆ ವಿಚಾರಿಸಿದ್ದರು. ಒಂದು ಮಾತು ಹೇಳಿದ್ದರೆ ಆ ಗಳಿಗೆಯೇ ಮನೆಗೆ ತಂದುಕೊಡುತ್ತಿದ್ದೆ ಎಂದರು. ಅದು ನಿಜ, ತಂದುಕೊಡುತ್ತಿದ್ದರು. ಆಮೇಲೆ ಅವರು, ಮಲಾಂಗಿನವರ ಹತ್ತಿರ ತಾವೇ ಮಾತಾಡಿ ಇನ್ನೊಂದು ತಿಂಗಳು ಅವಧಿ ಕೇಳುವುದಾಗಿ ಹೇಳಿ, ಕ್ಯಾಸೆಟ್ಟನ್ನು ಮನೆಗೆ ತೆಗೆದುಕೊಂಡು ಹೋಗಬೇಕೆಂದು ಪಾಕ್ ತುಕಿರಾನ್‌ರನ್ನು ಬೇಡಿಕೊಂಡರು.

ಪಾಕ್ ತುಕಿರಾನ್ ಆಗಲೇ ಪೆಟ್ಟಿಗೆಗೆ ಕಾಗದ ಸುತ್ತುತ್ತಿದ್ದರು.

"ಬೇಡ ಪಾಕ್," ಎಂದರು. ದನಿ ಎಂದಿನ ಹಾಗೇ ಮೆಲ್ಲಗಿತ್ತು. "ಇವತ್ತು ಟಪಾಲಿಗೆ ಹೋಗ್ಬೇಕು."

ನೀವಾದರೂ ಒಂದು ಸಲ ಕೇಳಿ ಎಂದೆ ನಾನು. ಅವರು ದಾರ ಕಟ್ಟುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

"ಗಂಟಲೇ ಇಲ್ದೋಳು ದಿನಾ ಬಾಗ್ಲಲ್ಲಿ ಕೂತು ಬಾಯ್ಬಿಟ್ಟು ಕೇಳಿದ್ಲು, ಬು ದರ್ಸಿ. ಗಂಟಲಿದ್ದ ನಾನು ಒಂದಿನ ಬಾಯ್ಬಿಟ್ಟು ಕೇಳ್ಲಿಲ್ಲ. ಈಗ ಅವಳ ದನಿ ಕೇಳೋಕೆ ನಾನು ಯಾರು?"