ಕಾಶಿಯಲ್ಲಿ ಬಿಟ್ಟ ಬದನೆಕಾಯಿ

ನಮ್ಮ ಭಾವ ಮಧ್ವರಾಜ ರಾಯರು ಮದ್ರಾಸಿನ ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತಮೂರು ವರ್ಷ ಫೈಲುಗಳನ್ನು ಈ ಮೇಜಿನಿಂದ ಆ ಮೇಜಿಗೆ ಸಾಗಿಸಿ ೧೯೬೧ರಲ್ಲಿ ನಿವೃತ್ತರಾದರು. ಅಷ್ಟು ವರ್ಷಗಳಲ್ಲಿ ಅವರು ಮಾಡಿದ ಅತಿ ದೊಡ್ಡ ಸಾಹಸವೆಂದರೆ ಒಮ್ಮೆ ಓಡುವ ಟ್ರಾಮಿನಿಂದ ಇಳಿದದ್ದು. ಅಲ್ಲೂ ಬಿದ್ದರು. ಇಂಥವರು ನಿವೃತ್ತರಾದ ತಿಂಗಳೊಳಗೆ ಪಲ್ಲಾವರಂ ಸಂತೆಗೆ ಹೋಗಿ, ಒಬ್ಬ ಮಾಜಿ ಸೈನಿಕನಿಂದ ಹಳೆಯ ಮೋಟಾರ್ ಸೈಕಲ್ ಕೊಂಡು ತಂದರು. ತಂದರು ಎಂದರೆ, ಮಾರಿದವನೇ ಓಡಿಸಿಕೊಂಡು ಬಂದ. ಭಾವ ಹಿಂದೆ ಅವನ ಸೊಂಟ ಹಿಡಿದು ಕೂತಿದ್ದರು.

ಎರಡು ತಿಂಗಳು ಬೆಳಗಿನ ಹೊತ್ತು ಸಮುದ್ರದ ರಸ್ತೆಯಲ್ಲಿ ಅಭ್ಯಾಸ ನಡೆಯಿತು. ಆಮೇಲೆ ಕೋಡಂಬಾಕ್ಕಂನ ಒಂದು ಫೋಟೋ ಸ್ಟುಡಿಯೋಕ್ಕೆ ಹೋದರು. ಕಣ್ಣಿಗೆ ಕಪ್ಪು ಕನ್ನಡಕ, ಮೈಮೇಲೆ ಯಾರದೋ ಚರ್ಮದ ಕೋಟು, ಹಣೆಯ ಮೇಲೆ ಅಂಗಾರ ಅಕ್ಷತೆ. ಆ ಫೋಟೋ ತಿರುವಲ್ಲಿಕ್ಕೇಣಿಯ ಮನೆಯ ಪಡಸಾಲೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ನೇತಾಡತೊಡಗಿತು. ನನ್ನ ಅಕ್ಕ ವೆಂಕಟಲಕ್ಷ್ಮಿ ಅದಕ್ಕೆ ಮೊಳೆ ಹೊಡೆದುಕೊಟ್ಟಳು. ಭಾವನಿಗೆ ಮೊಳೆ ಹೊಡೆಯಲೂ ಬಾರದು.

ಫೋಟೋ ಆದಮೇಲೆ ಊರೂರು ತಿರುಗುವ ಹುಚ್ಚು ಹತ್ತಿತು. ಸುಮ್ಮನೆ ಎಲ್ಲಾದರೂ ಸುತ್ತಿ ಬಂದಿದ್ದರೆ ನನಗೇನು? ಅವರು ಕಾಶಿಗೇ ಹೊರಟರು. ಅದರಲ್ಲಿ ನಮ್ಮಮ್ಮನನ್ನೂ ಸೇರಿಸಿಕೊಂಡರು.

ಅಮ್ಮ ತೀರಿಹೋಗಿ ಆಗ ಒಂದು ವರ್ಷವಾಗಿತ್ತು. ಹಾಸಿಗೆ ಹಿಡಿದಾಗ ಅವಳು ಕೇಳಿದ್ದು ಒಂದೇ, “ನನ್ನದೊಂದು ಚೂರು ಗಂಗೆಗೆ ಸೇರಿಸಿ.” ನಮಗೆ ಅಣ್ಣತಮ್ಮಂದಿರಿಲ್ಲ. ಇರುವ ಒಬ್ಬನೇ ಅಳಿಯನೆಂದು ಭಾವನೇ ಕರ್ಮ ಮಾಡಿದರು. ಅಸ್ಥಿಯನ್ನು ಸಮುದ್ರಕ್ಕೆ ಬಿಟ್ಟು, ಒಂದಿಷ್ಟನ್ನು ತಾಮ್ರದ ಪುಟ್ಟ ಚೆಂಬಿನಲ್ಲಿ ಹಾಕಿ ಬಾಯಿ ಕಟ್ಟಿ ನಮ್ಮ ಬೀದಿಯ ಮಠದ ಹಿತ್ತಲ ಗೋಡೆಯ ಗೂಡಿನಲ್ಲಿ ಇಟ್ಟಿದ್ದೆವು. ನಾನು ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವಳು, ಮದುವೆಯಾದವಳಲ್ಲ. ಬೇಸಿಗೆ ರಜೆಯಲ್ಲಿ ಅಕ್ಕನನ್ನು ಕರೆದುಕೊಂಡು ರೈಲಿನಲ್ಲಿ ಹೋಗಿಬರುತ್ತೇನೆ ಎಂದೆ.

ಭಾವ ನಕ್ಕರು. “ರೈಲಲ್ಲಿ ಯಾರು ಬೇಕಾದ್ರೂ ಹೋಗ್ತಾರೆ ಕೌಸಲ್ಯಾ. ಹೆಂಗಸರಿಬ್ಬರು ಅಷ್ಟು ದೂರ ಹೋಗೋದೇನು? ನನ್ನ ಮೋಟಾರ್ ವಂಡಿ ಫಸ್ಟ್ ಕ್ಲಾಸ್ ಕಂಡೀಷನ್‌ನಲ್ಲಿದೆ. ಅತ್ತೆಯೋರನ್ನ ನಾನೇ ಕರ್ಕೊಂಡು ಹೋಗ್ತೀನಿ.”

ಅಕ್ಕ ಆ ಮಾತಿಗೆ ಕರಗಿಹೋದಳು. ಚೆಂಬನ್ನು ಅಮ್ಮನ ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿ ಬಂಡಿಯ ಎಡಗಡೆಯ ಚರ್ಮದ ಚೀಲದಲ್ಲಿ ಇಟ್ಟಳು. ಬಲಗಡೆಯ ಚೀಲಕ್ಕೆ ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ, ಪಂಚಪಾತ್ರೆ. ಮಠದವರು ಹಾರ ಹಾಕಿದರು. ಬೀದಿಯ ತಿರುವಿನಲ್ಲಿ ಇಂಜಿನ್ ನಿಂತಿತು. ನಾಲ್ಕು ಜನ ತಳ್ಳಿದಮೇಲೆ ಕಾಶೀಯಾತ್ರೆ ಶುರುವಾಯಿತು.

ಇಪ್ಪತ್ತಮೂರನೆಯ ದಿನ ಭಾವ ವಾಪಸಾದರು. ಒಂದು ಕಾಗದ ಬರೆದಿರಲಿಲ್ಲ. ಕೇಳಿದರೆ, ಹೆದ್ದಾರಿಯಲ್ಲಿ ಅಂಚೆಪೆಟ್ಟಿಗೆ ಎಲ್ಲಿದೆ ಎಂದರು. ನಾಗಪುರದ ಕಾಡಿನಲ್ಲಿ ಹುಲಿ ಅಡ್ಡ ಬಂತಂತೆ. ಇವರು ಹಾರನ್ ಒತ್ತಿದರಂತೆ. ಅದು ದಾರಿ ಬಿಟ್ಟಿತಂತೆ. ಇವರ ಮಾತಿಗೆ ಕಚೇರಿಯ ಜವಾನ ಕೂಡ ಎಂದೂ ದಾರಿ ಬಿಟ್ಟವನಲ್ಲ. ಬಾಯಿಗೆ ಬೆಸುಗೆ ಹಾಕಿದ, ಗಂಗೆ ತುಂಬಿದ ತಾಮ್ರದ ಗಿಂಡಿಗಳನ್ನು ಒಂದೊಂದಾಗಿ ತೆಗೆದು ಇಟ್ಟರು. ಅಕ್ಕ ಅವಕ್ಕೆ ನಮಸ್ಕಾರ ಮಾಡಿ, “ಅಮ್ಮ?” ಎಂದಳು. ಭಾವ ಕಣ್ಣುಮುಚ್ಚಿ ಕೈ ಮುಗಿದರು. ಅಕ್ಕ ಅಳುತ್ತಾ ಒಳಗೆ ಹೋದಳು. ನಾನೂ ಅತ್ತೆ. ಆ ಕಣ್ಣೀರು ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಕಾಶಿಗೆ ಹೋಗಿಬಂದವರು ಗಂಗಾ ಸಮಾರಾಧನೆ ಮಾಡಬೇಕಲ್ಲ. ಹನ್ನೆರಡನೆಯ ದಿನ ಮಾಳಿಗೆಯ ಮೇಲೆ ಚಪ್ಪರ ಹಾಕಿ ಅರವತ್ತು ಜನರನ್ನು ಕರೆದರು. ಗಂಗೆಗೆ ಪೂಜೆ ಆಯಿತು, ಎಲ್ಲರೂ ತೀರ್ಥ ಕುಡಿದೆವು. ಮಠದ ಆಚಾರ್ಯರು ಎಲ್ಲ ಯಾತ್ರಿಕರಿಗೂ ಕೇಳುವ ಪ್ರಶ್ನೆ ಕೇಳಿದರು, “ರಾಯರೇ, ಕಾಶಿಯಲ್ಲಿ ಏನು ಬಿಟ್ಟಿರಿ?”

ಕಾಶಿಯಲ್ಲಿ ತನಗೆ ಇಷ್ಟವಾದ ಒಂದು ತಿನಿಸನ್ನು ಜನ್ಮಪೂರ್ತಿ ಬಿಟ್ಟು ಬರುವುದು ನಮ್ಮವರ ಪದ್ಧತಿ. ಜಾಣರು ಹಾಗಲಕಾಯಿ ಬಿಟ್ಟು ಬರುತ್ತಾರೆ. ಭಾವನಿಗೆ ಸುಳ್ಳು ಹೇಳುವಾಗಲೂ ಹೊಗಳಿಕೆ ಬೇಕು. ಎದೆ ಉಬ್ಬಿಸಿ, “ಬದನೆಕಾಯಿ ಬಿಟ್ಟೆ,” ಎಂದರು. ಎಣ್ಣೆಗಾಯಿ ಇಲ್ಲದ ಭಾನುವಾರವನ್ನು ಅವರು ಭಾನುವಾರವೆಂದೇ ಒಪ್ಪುತ್ತಿರಲಿಲ್ಲ. ಆಚಾರ್ಯರು ತಲೆದೂಗಿದರು.

ಊಟಕ್ಕೆ ಕೂತಾಗ ಮೂರು ಗಂಟೆ. ಬೆಳಗಿನಿಂದ ಉಪವಾಸ. ಹೊಸದಾಗಿ ಬಂದಿದ್ದ ಉಡುಪಿ ಕಡೆಯ ಅಡಿಗೆಯ ಶೀನನಿಗೆ ಬದನೆಕಾಯಿಯ ಸಂಗತಿ ಏನು ಗೊತ್ತು? ಬಕೆಟ್ ಹಿಡಿದು ಬಂದು ಭಾವನ ಎಲೆಗೆ ಎರಡು ಎಣ್ಣೆಗಾಯಿ ಬಡಿಸಿದ. ಭಾವ ತಲೆ ಎತ್ತದೆ ಎರಡನ್ನೂ ಮುಗಿಸಿದರು.

“ಇನ್ನೆರಡು ಹಾಕುದಾ ರಾಯರೇ?”

“ಹಾಕಪ್ಪಾ, ಧಾರಾಳವಾಗಿ ಹಾಕು. ಮಸಾಲೆ ಬಹಳ ಚೆನ್ನಾಗಿದೆ.”

ಆಚಾರ್ಯರು ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದರು. ಭಾವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ಹೊತ್ತಿಗೆ ಮೂರನೆಯದೂ ಬಾಯಲ್ಲಿತ್ತು.

ಬದನೆಕಾಯಿ ಬಿಟ್ಟದ್ದು ಸುಳ್ಳಾದರೆ ಅಮ್ಮ ಎಲ್ಲಿ ಎಂದುಕೊಂಡು ನಾನು ಮೆಟ್ಟಿಲಿಳಿದು ಅಂಗಳಕ್ಕೆ ಓಡಿದೆ. ಬಂಡಿಯ ಎಡಗಡೆಯ ಚೀಲದ ಪಟ್ಟಿ ಬಿಚ್ಚಿ ಕೈ ಹಾಕಿದೆ. ಅಮ್ಮನ ಸೀರೆಯ ರೇಷ್ಮೆ ಬೆರಳಿಗೆ ಸಿಕ್ಕಿತು. ಅಕ್ಕ ಹಾಕಿದ ಗಂಟು ಹಾಗೇ ಇತ್ತು. ಹಬ್ಬದಡಿಗೆ ನಡೆಯುವ ಮನೆಯ ಮುಂದೆ ಅಮ್ಮ ಹನ್ನೆರಡು ದಿನ ಆ ಜಿಡ್ಡಿನ ಚೀಲದಲ್ಲಿ ಕೂತಿದ್ದಳು.

ನೆಂಟರು ಹೋದಮೇಲೆ ನಿಜ ಹೊರಬಂತು. ಕಾಶಿವೀರರು ತಲುಪಿದ್ದು ನೆಲ್ಲೂರಿಗೆ, ನೂರಹತ್ತು ಮೈಲಿ. ಲಾರಿಗಳಿಗೆ ಹೆದರಿ ಅಲ್ಲೇ ಬಂಡಿ ನಿಲ್ಲಿಸಿ, ಹಳೆಯ ಸಹೋದ್ಯೋಗಿಯ ಮನೆಯಲ್ಲಿ ಇಪ್ಪತ್ತು ದಿನ ಇಸ್ಪೀಟು ಆಡಿದ್ದರು. ನಾವು ಭಕ್ತಿಯಿಂದ ಕುಡಿದ ಗಂಗೆ ಪೆನ್ನಾ ನದಿಯ ನೀರು.

“ಇಷ್ಟು ಸುಳ್ಳು ಹೇಳಿದೋರು ಅಮ್ಮನ್ನೂ ಪೆನ್ನಾಗೇ ಬಿಟ್ಟು ಬರಬಹುದಿತ್ತಲ್ಲ?” ಎಂದೆ.

“ಅದು ಮಾತ್ರ ಮನಸ್ಸಾಗ್ಲಿಲ್ಲ ಕೌಸಲ್ಯಾ,” ಎಂದರು ನೆಲ ನೋಡುತ್ತಾ. ನನಗೆ ಮರುಕ ಬರಲಿಲ್ಲ. ಮೋಸವನ್ನೂ ಅರ್ಧಕ್ಕೆ ನಿಲ್ಲಿಸಿದ ಮನುಷ್ಯ ಎಂದುಕೊಂಡೆ.

ಅಕ್ಕ ಚೆಂಬನ್ನು ತಿರುಗಿ ಮಠದ ಗೂಡಿನಲ್ಲಿ ಇಟ್ಟು ಬಂದಳು. ಬೇಸಿಗೆ ರಜೆಗೆ ನಾವಿಬ್ಬರು ರೈಲು ಹತ್ತಿದೆವು. ಹೆಂಗಸರಿಬ್ಬರು, ಅಷ್ಟು ದೂರ, ಏನೂ ಆಗಲಿಲ್ಲ. ಅಲ್ಲಿಯ ಕನ್ನಡ ಪುರೋಹಿತರು ಮಂತ್ರ ಹೇಳಿಸಿದರು, ಅಮ್ಮ ಗಂಗೆಗೆ ಸೇರಿದಳು. ಆಮೇಲೆ ಪುರೋಹಿತರು, “ಏನು ಬಿಡ್ತೀರಿ ತಾಯಿ?” ಎಂದು ಕೇಳಿದರು.

ಅಕ್ಕ ಕೇಳಿದಳು, “ಮನೆಯೋರ ಪರವಾಗಿ ನಾನು ಬಿಡಬಹುದಾ?”

“ಧರ್ಮಪತ್ನಿ, ಧಾರಾಳವಾಗಿ ಬಿಡಬಹುದು.”

“ಹಾಗಾದ್ರೆ ಬದನೆಕಾಯಿ. ಇಬ್ಬರದೂ.”

ನಾನಾಗಿದ್ದರೆ ಗಂಡನನ್ನೇ ಬಿಟ್ಟು ಬರುತ್ತಿದ್ದೆ. ಹಾಗೆಂದೆ ಕೂಡ. ಅಕ್ಕ ಒದ್ದೆ ಸೆರಗು ಹಿಂಡುತ್ತಾ, “ಅವರು ಅಷ್ಟು ಜನರ ಮುಂದೆ ಹೇಳಿಬಿಟ್ಟಿದ್ದಾರೆ. ನಿಜ ಆಗಲಿ ಬಿಡೇ,” ಎಂದಳು.

ಮೋಟಾರ್ ಸೈಕಲ್ ತುಕ್ಕು ಹಿಡಿದು ಹಳೇ ಕಬ್ಬಿಣದವನ ಪಾಲಾಯಿತು. ನಾಲ್ಕು ವರ್ಷದ ಮೇಲೆ ಒಂದು ಮದುವೆಯಲ್ಲಿ ಅದೇ ಶೀನ ಎಣ್ಣೆಗಾಯಿಯ ಬಕೆಟ್ ಹಿಡಿದು ಭಾವನ ಎಲೆಯ ಮುಂದೆ ನಿಂತ. ಸುತ್ತ ಕೂತವರು ಕಳ್ಳನಗೆ ನಗುತ್ತಿದ್ದರು. ಭಾವ ಬಕೆಟ್ಟನ್ನು ನೋಡಿದರು, ಎದುರು ಪಂಕ್ತಿಯಲ್ಲಿದ್ದ ಅಕ್ಕನನ್ನು ನೋಡಿದರು. ಅಕ್ಕ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದಳು. ಅವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರು.

“ಬೇಡಪ್ಪಾ,” ಎಂದರು. “ಮನೆಯೋಳು ಕಾಶೀಲಿ ಬಿಟ್ಟು ಬಂದಿದ್ದಾಳೆ.”