ಹದಿನಾರನೇ ಆಡು

ಹೋದ ವಾರ ಒಣಗಿದ ಬಟ್ಟೆ ತೆಗೆಯಲು ಮಹಡಿಗೆ ಹೋದಾಗ ಆ ವಾಸನೆ ಬಂತು. ಮೂಗಿನ ತುದಿಯನ್ನು ಉರಿಸಿ ಗಂಟಲಲ್ಲಿ ಸಿಹಿಯಾಗಿ ನಿಲ್ಲುವ ವಾಸನೆ. ನಮ್ಮ ಚಿಕ್ಕ ಮೊಮ್ಮಗ ಒಂದು ರಟ್ಟಿನ ಪೆಟ್ಟಿಗೆಯೊಳಗೆ ಬೆರಳುದ್ದದ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿ, ಡಬ್ಬಿ ಒತ್ತಿ ಅವುಗಳ ಮೇಲೆ ಬಿಳಿ ಬಣ್ಣ ಚಿಮುಕಿಸುತ್ತಿದ್ದ. ಕತ್ತಿ ಹಿಡಿದವರು, ರೆಕ್ಕೆ ಇದ್ದವರು, ಮೇಜಿನ ಮೇಲೆ ಆಡುವ ಯಾವುದೋ ಯುದ್ಧದಾಟದ ಕಾಯಿಗಳಂತೆ. ಇಷ್ಟು ಚೆಂದದ ಗೊಂಬೆಗಳಿಗೆ ಸುಣ್ಣ ಏಕೆ ಬಳಿಯುತ್ತೀಯೆಂದು ಕೇಳಿದೆ.

“ಮೊದಲು ಇದ ಹಚ್ಚಿದ್ರೇ ಮೇಲಿನ ಬಣ್ಣ ಹಿಡಿಯೋದು ಅಜ್ಜಿ,” ಎಂದ.

ಅದು ನನಗೆ ಗೊತ್ತಿತ್ತು. ಗೊತ್ತೆಂದು ಹೇಳಲಿಲ್ಲ. ಬಟ್ಟೆ ಎತ್ತಿಕೊಂಡು ಕೆಳಗೆ ಬಂದು ಕುಳಿತೆ. ಬಾಯಲ್ಲಿ ಹೇಳಲು ನನಗೆ ಯಾವ ಕಾಲಕ್ಕೂ ಬಂದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ನನ್ನ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತ ಈ ಕನ್ನಡ ಅಕ್ಷರ, ತಮಿಳಲ್ಲಿ ಓದಿದ ಮಕ್ಕಳೇ, ನಿಮ್ಮಲ್ಲಿ ಒಬ್ಬರಿಗೂ ಬರುವುದಿಲ್ಲ. ಬಲ್ಲವರು ಯಾರಾದರೂ ನಿಮಗೆ ಓದಿ ಹೇಳಲಿ.

ಅಕ್ಕ ಎಂದು ನಾನು ಕರೆಯುತ್ತಿದ್ದವಳು ನನ್ನ ಒಡಹುಟ್ಟಿದವಳಲ್ಲ. ಎಂಬತ್ತರ ದಶಕದ ಮೊದಲಲ್ಲಿ ನಾನು ಮದುವೆಯಾಗಿ ತಮಿಳು ಸೀಮೆಯ ಅವಿನಾಶಿ ಎಂಬ ಊರಿನ ಹತ್ತಿರದ ನೇಕಾರರ ಬೀದಿಗೆ ಬಂದಾಗ, ನಮ್ಮ ಹಿತ್ತಲಿಗೆ ಬೆನ್ನು ಕೊಟ್ಟ ಮನೆಯಲ್ಲಿ ಇದ್ದವಳು. ನನಗೆ ಹತ್ತೊಂಬತ್ತು, ಅವಳಿಗೆ ಇಪ್ಪತ್ತಾರೋ ಇಪ್ಪತ್ತೇಳೋ. ನೇಕಾರರ ಮನೆಗಳೊಳಗೆ ಕನ್ನಡ, ಹೊರಗೆಲ್ಲ ತಮಿಳು; ಬೆಟ್ಟದ ಮೇಲಿನ ಹಳ್ಳಿಯಿಂದ ಬಂದ ನನಗೆ ತಮಿಳು ಬರುತ್ತಿರಲಿಲ್ಲ. ಬೀದಿಗೆ ಇಳಿದರೆ ಯಾರಾದರೂ ಏನಾದರೂ ಕೇಳಿಬಿಟ್ಟಾರೆಂದು ಹೆದರಿ ಒಳಗೇ ಇರುತ್ತಿದ್ದೆ. ಬೆಳಗಿನಿಂದ ಸಂಜೆವರೆಗೆ ಮನೆಯ ಎರಡು ಕರೆಂಟು ಮಗ್ಗಗಳ ಸದ್ದು. ಅದರ ಪಕ್ಕದಲ್ಲಿ ಕುಳಿತು ಲಾಳಿಗೆ ಬೇಕಾದ ನೂಲನ್ನು ಕಂಡಿಕೆ ಎಂಬ ಪುಟ್ಟ ಕೊಳವೆಗೆ ಸುತ್ತುವುದು ನನ್ನ ಕೆಲಸ. ಕರೆಂಟು ಹೋದರೆ ಮಾತ್ರ ಬಿಡುವು. ಈಗಲೂ ಕರೆಂಟು ಹೋದರೆ ನೀವೆಲ್ಲ ಸಿಡುಕುತ್ತೀರಿ, ಅಜ್ಜಿ ಒಬ್ಬಳೇ ನಗುತ್ತಾಳೆ ಎನ್ನುತ್ತೀರಿ. ಕಾರಣ ಇದು.

ಕರೆಂಟು ಹೋದ ಕೂಡಲೇ ಹಿತ್ತಲು ದಾಟಿ ಅಕ್ಕನ ಕೋಣೆಗೆ ಹೋಗುತ್ತಿದ್ದೆ. ಆ ಮನೆಯ ಕಟ್ಟಕಡೆಯ ಕೋಣೆ ಅದು. ಅಕ್ಕ ಅಲ್ಲಿಂದ ಪಡಸಾಲೆಗೂ ಬರುತ್ತಿರಲಿಲ್ಲ, ಇನ್ನು ಬೀದಿಯ ಮಾತೆಲ್ಲಿ. ಅವಳಿಗೆ ತೊನ್ನು. ತುಟಿಯ ಸುತ್ತ, ಎಡಗಣ್ಣಿನ ಕೆಳಗೆ, ಎರಡೂ ಕೈಗಳ ಬೆರಳ ತುದಿಯಲ್ಲಿ ಬೆಳ್ಳಗಾಗಿತ್ತು. ಅದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲವೆಂದು ಇಂದು ನಿಮಗೆ ಗೊತ್ತು. ಅಂದು ಅವಳಿಗೆ ಮದುವೆಯ ವಯಸ್ಸಿಗೆ ಬಂದ ತಂಗಿಯೊಬ್ಬಳಿದ್ದಳು. ಅಕ್ಕನನ್ನು ಕಂಡವರು ತಂಗಿಯನ್ನು ತರುವುದಿಲ್ಲವೆಂದು ಮನೆಯವರು ಅವಳನ್ನು ಒಳಗಿಟ್ಟಿದ್ದರು. ತಂಗಿಯ ಮದುವೆಯೊಂದು ಆಗಲಿ, ಆಮೇಲೆ ನೀನು ಎಲ್ಲಿಗೆ ಬೇಕಾದರೂ ಹೋಗು ಎಂದು ತಾಯಿ ಮಾತು ಕೊಟ್ಟಿದ್ದರು. ನಮ್ಮ ಅತ್ತೆ ನನ್ನನ್ನು ತಡೆಯಲಿಲ್ಲ. ಅಲ್ಲಿ ನೀರು ಮಾತ್ರ ಕುಡಿಯಬೇಡ ಎಂದಿದ್ದರು. ನಾನು ಕುಡಿಯಲಿಲ್ಲ. ಅಕ್ಕ ಎರಡು ಸಲ ಚೊಂಬು ಮುಂದಿಟ್ಟಳು, ಮೂರನೆಯ ಸಲ ಇಡಲಿಲ್ಲ…

ನಾವು ಆಡುತ್ತಿದ್ದದ್ದು ಆಡು ಹುಲಿ ಆಟ. ನೆಲದ ಮೇಲೆ ಸೀಮೆಸುಣ್ಣದಿಂದ ಬೆಟ್ಟದಂಥ ಮುಕ್ಕೋನ, ಅದಕ್ಕೆ ಅಡ್ಡ ಗೆರೆಗಳು. ಒಬ್ಬರಿಗೆ ಮೂರು ಹುಲಿ, ಒಬ್ಬರಿಗೆ ಹದಿನೈದು ಆಡು. ಹುಲಿ ಆಡಿನ ಮೇಲೆ ಹಾರಿದರೆ ಆಡು ಸತ್ತಂತೆ, ಅದನ್ನು ಆಟದಿಂದ ತೆಗೆಯಬೇಕು. ಆಡುಗಳು ಸುತ್ತುಗಟ್ಟಿ ಹುಲಿ ಅಲುಗಾಡದಂತೆ ಮಾಡಿದರೆ ಆಡು ಗೆದ್ದಂತೆ. ಅಕ್ಕ ಯಾವಾಗಲೂ ಆಡುಗಳನ್ನೇ ಆಡುತ್ತಿದ್ದಳು. ಹುಲಿಗಳನ್ನು ನನಗೆ ಕೊಟ್ಟು, ಒಂದೊಂದೇ ಆಡನ್ನು ಇಟ್ಟು, ಅವಸರವೇ ಇಲ್ಲದೆ ಮೂರನ್ನೂ ಕಟ್ಟಿಹಾಕುತ್ತಿದ್ದಳು. ನನ್ನ ಹುಲಿಗೂ ನನ್ನ ಹಾಗೆಯೇ ನಾಚಿಕೆ, ಊಟ ಹಾಕಿದರೂ ಕೈ ಚಾಚುವುದಿಲ್ಲ ಎಂದು ನಗುತ್ತಿದ್ದಳು. ನನ್ನನ್ನು ಕರೆಯುತ್ತಿದ್ದದ್ದು ಕಣ್ಣು ಎಂದು; ಆ ಕಡೆ ಚಿಕ್ಕವರನ್ನು ಮುದ್ದಿನಿಂದ ಹಾಗೇ ಕರೆಯುತ್ತಾರೆ.

ಬೇರೆ ಮನೆಗಳಲ್ಲಿ ಹುಣಸೆ ಬೀಜ, ಬೆಣಚುಕಲ್ಲು ಇಟ್ಟು ಆಡುತ್ತಿದ್ದರು. ಅಕ್ಕನಿಗೆ ಅದು ಒಗ್ಗಲಿಲ್ಲ. ಅವಳ ಅಪ್ಪ ಪೀಳಮೇಡಿನ ಕಡೆಯ ಒಂದು ಪಂಪು ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವವರು. ಅವರು ಸಂತೆಯಿಂದ ಒಂದು ಪೊಟ್ಟಣ ಪ್ಲಾಸ್ಟಿಕ್ ಪ್ರಾಣಿಗಳನ್ನು ತಂದುಕೊಟ್ಟಿದ್ದರು. ಅದರಲ್ಲಿ ಆಡು ಒಂದೂ ಇರಲಿಲ್ಲ. ಹಸು, ಕುದುರೆ, ನಾಯಿ, ಒಂಟೆ. ಅಕ್ಕ ಬ್ಲೇಡನ್ನು ದೀಪಕ್ಕೆ ಹಿಡಿದು ಕಾಯಿಸಿ ಕುದುರೆಯ ಬಾಲವನ್ನು ಮೋಟು ಮಾಡಿದಳು, ಒಂಟೆಯ ಡುಬ್ಬವನ್ನು ಕೆತ್ತಿದಳು, ಹೇರ್‌ಪಿನ್ನಿನ ತುಂಡುಗಳನ್ನು ಬಿಸಿ ಮಾಡಿ ತಲೆಗೆ ಚುಚ್ಚಿ ಕೊಂಬು ಮಾಡಿದಳು. ಗಡ್ಡಕ್ಕೆ ನಮ್ಮ ಮಗ್ಗದ ಕೆಳಗೆ ಬಿದ್ದ ನೂಲಿನ ಚೂರು. ಅದನ್ನು ತಂದುಕೊಡುವುದು ನನ್ನ ಪಾಲು. ದಪ್ಪ ನಾಯಿಗಳು ಹುಲಿಗಳಾದವು.

ಆಮೇಲೆ ಎಲ್ಲವನ್ನೂ ಸೀಗೆಪುಡಿಯಲ್ಲಿ ತಲೆಗೂದಲು ತೊಳೆದಂತೆ ತೊಳೆದು, ಪೊರಕೆ ಕಡ್ಡಿಗೆ ಸಿಕ್ಕಿಸಿ ಒಣಗಿಸುತ್ತಿದ್ದಳು. ಕೈ ಜಿಡ್ಡು ತಾಗಿದರೆ ಬಣ್ಣ ಸುಲಿದು ಬರುತ್ತದೆ. ಮೊದಲ ಸಲ ನಾನು ತಿಳಿಯದೆ ಎಣ್ಣೆ ಹಚ್ಚಿದ ತಲೆ ಮುಟ್ಟಿದ ಕೈಯಲ್ಲೇ ಹಿಡಿದು ನಾಲ್ಕು ಆಡು ಕೆಡಿಸಿದ್ದೆ. ಒಣಗಿದ ಮೇಲೆ ಅಪ್ಪ ತಂದ ಬಿಳಿ ಪ್ರೈಮರು. ಅದರದೇ ಈ ವಾಸನೆ. ಹದಿನೆಂಟೂ ಬೆಳ್ಳಗೆ ಸಾಲಾಗಿ ನಿಂತಾಗ ಅವಳು ತನ್ನ ಬೆರಳ ತುದಿಯನ್ನು ಅವುಗಳ ಪಕ್ಕ ಹಿಡಿದು ನೋಡುತ್ತಿದ್ದಳು.

“ಇವತ್ತು ಎಲ್ಲಾ ನನ್ನ ಜಾತಿ ಕಣ್ಣು,” ಎಂದಳು ಒಮ್ಮೆ. “ನಾಳೆ ಬೇರೆ ಆಗ್ತಾವೆ.”

ಅಪ್ಪ ತರುತ್ತಿದ್ದದ್ದು ಪಂಪಿನ ಬಣ್ಣಗಳು: ಹಸಿರು, ಬೂದಿ, ಕಪ್ಪು, ಕಂದು. ಹೀಗಾಗಿ ನಮ್ಮ ಮೊದಲ ಹುಲಿಗಳು ಹಸಿರು ಹುಲಿಗಳು. ಬ್ರಷ್ಷಿನ ಕೂದಲನ್ನು ನಾಲ್ಕೇ ಉಳಿಯುವಷ್ಟು ಕತ್ತರಿಸಿ ಅವಳು ಎಳೆದ ಕಪ್ಪು ಪಟ್ಟೆಗಳು ಎಷ್ಟು ಸೊಗಸಾಗಿದ್ದರೂ, ಮೈ ಮಾತ್ರ ಹಸಿರು. ಅವಳಿಗೆ ಹುಲಿಯ ಬಣ್ಣ ಬೇಕಿತ್ತು. ನಾನು ಹೇಗೋ ಧೈರ್ಯ ಮಾಡಿ ಅವಿನಾಶಿಯ ಬಣ್ಣದ ಅಂಗಡಿಗೆ ಹೋಗಿ, ಬೆರಳು ತೋರಿಸಿ ಒಂದು ಪುಟ್ಟ ಡಬ್ಬಿ ತಂದೆ. ಮುಚ್ಚಳ ತೆಗೆದರೆ ಅಂಚೆ ಪೆಟ್ಟಿಗೆಯ ಕೆಂಪು.

ಅವಳು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಈ ಹುಲಿಯ ಬಾಯಿಗೆ ಕಾಗದ ಹಾಕಿದರೆ ನಿನ್ನ ತವರಿಗೆ ಹೋಗುತ್ತದೆ ಎಂದಳು. ಆಮೇಲೆ ಹೇಳಿದಳು: “ಬಣ್ಣ ಬಾಯಿಂದ ಹೇಳಕ್ಕಾಗಲ್ಲ ಕಣ್ಣು. ಹೋಗಿ ನೋಡ್ಬೇಕು.”

ಆ ಅಂಗಡಿಗೆ ತಾನೇ ಹೋಗಿ, ಎಲ್ಲ ಡಬ್ಬಿಗಳ ಮುಚ್ಚಳ ತೆಗೆಸಿ ನೋಡಬೇಕು, ಅಷ್ಟೇ ಅವಳ ಆಸೆ. ತಂಗಿಯ ಮದುವೆಯಾದ ಮಾರನೆಯ ದಿನವೇ ನಾನೇ ಕರೆದುಕೊಂಡು ಹೋಗುತ್ತೇನೆಂದು ಕೈಮೇಲೆ ಕೈಯಿಟ್ಟು ಹೇಳಿದೆ.

ಬಣ್ಣ ಬೆರೆಸುವುದರಲ್ಲಿ ಅವಳಿಗೆ ಸಮನಾದವರನ್ನು ನಾನು ಕಂಡಿಲ್ಲ. ಒಮ್ಮೆ ಕಂದು ಬಣ್ಣಕ್ಕೆ ಬಿಳಿ, ಒಂದು ಹನಿ ಕೆಂಪು ಸೇರಿಸಿ ಕಲಸಿ, ನನ್ನ ಮೊಣಕೈ ಹತ್ತಿರ ಒಂದು ಚುಕ್ಕೆ ಇಟ್ಟು, ಎಲ್ಲಿದೆ ಹುಡುಕು ಎಂದಳು. ಒಣಗಿದ ಮೇಲೆ ನಿಜಕ್ಕೂ ಕಾಣಿಸಲಿಲ್ಲ. ಇದನ್ನು ಎಲ್ಲಿ ಕಲಿತೆ ಎಂದು ಕೇಳಿದೆ. ತನ್ನ ಬೆರಳುಗಳನ್ನು ನೋಡಿಕೊಂಡು, ತೆಗೆಯುವಾಗ ಸೀಮೆಎಣ್ಣೆ ಹಾಕಿ ಉಜ್ಜಬೇಕು, ತುಂಬ ಉರಿಯುತ್ತದೆ ಎಂದಳು.

ತಂಗಿಯನ್ನು ನೋಡಲು ಗಂಡಿನ ಕಡೆಯವರು ತೊಂಡಾಮುತ್ತೂರಿನಿಂದ ಬಂದರು. ಅಂದು ಅಕ್ಕನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿ, ಹಿತ್ತಲಲ್ಲಿ ಕುಳಿತು ಹೂ ಕಟ್ಟುತ್ತಿರು, ಯಾರಾದರೂ ಆ ಕಡೆ ಬಂದರೆ ಮಾತಾಡಿಸಿ ಕಳಿಸು ಎಂದು ಅವಳ ತಾಯಿ ನನಗೆ ಹೇಳಿದರು. ಮಾತಾಡಿಸಲು ಬೀದಿಯಲ್ಲಿ ಇನ್ನಾರೂ ಸಿಗಲಿಲ್ಲವೇನೋ. ಚಿಲಕ ಹಾಕಿದ್ದು ಈ ಕೈಯೇ. ಒಳಗಿನಿಂದ ಅಕ್ಕ, ಮೆಲ್ಲಗೆ ಹಾಕು, ಸದ್ದಾದೀತು ಎಂದಳು.

ನೆಂಟರು ಬಂದಿದ್ದಾರೆಂದು ಅಕ್ಕಪಕ್ಕದ ಮನೆಗಳಲ್ಲಿ ಮಗ್ಗ ನಿಲ್ಲಿಸಿದ್ದರು. ಬೀದಿ ಅಷ್ಟು ನಿಶ್ಶಬ್ದವಾಗಿದ್ದದ್ದನ್ನು ನಾನು ಕಂಡಿರಲಿಲ್ಲ. ಗಂಡಿನ ಸೋದರತ್ತೆ ಕೈ ತೊಳೆಯಲು ಹಿತ್ತಲಿಗೆ ಬಂದರು. ದಪ್ಪನೆಯ, ನಗುಮುಖದ ಹೆಂಗಸು. ಕಿಟಕಿಯ ಹೊರಗಟ್ಟೆಯ ಮೇಲೆ ಆಡುಗಳು, ಹುಲಿಗಳು ಒಣಗುತ್ತಿದ್ದವು. ಅವನ್ನು ಒಳಗಿಡಲು ನಾವಿಬ್ಬರೂ ಮರೆತಿದ್ದೆವು. ಅವರು ಒಂದು ಹುಲಿಯನ್ನು ಎತ್ತಿ ಅಂಗೈಯಲ್ಲಿಟ್ಟು ನೋಡಿದರು.

“ನಮ್ಮಣ್ಣನ ಮೀಸೆ ಅಂಗೇ ಇದೆಯಲ್ಲ,” ಎಂದು ನಕ್ಕು, “ಯಾರ್ ಕಣ್ಣು ಇದ ಮಾಡಿದ್ದು?” ಎಂದರು.

ನನ್ನದೆಂದರೆ ಮುಂದೆ ಏನು ಕೇಳುತ್ತಾರೋ. ಗೊತ್ತಿಲ್ಲವೆಂದರೆ ಒಳಗೆ ಯಾರಿದ್ದಾರೆ ಎನ್ನುತ್ತಾರೋ. ಚಿಲಕದ ಕಡೆ ಕಣ್ಣು ಹೋಗದಂತೆ ಹೂವನ್ನೇ ನೋಡುತ್ತ ಹೇಳಿಬಿಟ್ಟೆ.

“ಹುಡುಗೀನೇ ಮಾಡಿದ್ದು. ಮದುವೆ ಹುಡುಗಿ.”

ಮಗ್ಗಗಳು ಓಡುತ್ತಿದ್ದರೆ ಅದು ಬಾಗಿಲಾಚೆಗೆ ಕೇಳಿಸುತ್ತಿರಲಿಲ್ಲ.

ಅವರು ಹುಲಿಯನ್ನು ಹಿಡಿದುಕೊಂಡೇ ಪಡಸಾಲೆಗೆ ಹೋದರು. ಎಲ್ಲರೂ ನೋಡಿದರು. ಇಂಥ ಕೈಕೆಲಸದ ಹುಡುಗಿ ನಮ್ಮಲ್ಲಿ ಇಲ್ಲ ಎಂದರು. ಸಂಬಂಧ ಕುದುರಿತು. ಮದುವೆಯ ಸೀರಿನಲ್ಲಿ, ಅಂದರೆ ತವರಿನಿಂದ ಕಳಿಸುವ ಸಾಮಾನಿನಲ್ಲಿ, ತಟ್ಟೆ ಲೋಟಗಳ ಜೊತೆಗೆ ಇಂಥದೊಂದು ಆಟದ ಸೆಟ್ಟೂ ಬರಲಿ ಎಂದು ಕೇಳಿಕೊಂಡರು.

ಸಂಜೆ ಚಿಲಕ ತೆಗೆದೆ. ಅಕ್ಕ ಬ್ರಷ್ ತೊಳೆಯುತ್ತಿದ್ದಳು. ಅವಳು ಬೈದಿದ್ದರೆ ನಾನು ಅತ್ತು ಹಗುರವಾಗುತ್ತಿದ್ದೆ.

“ನೀ ಹೇಳಿದ್ದೇ ಸರಿ,” ಎಂದಳು. “ನಾನಾದ್ರೂ ಅದೇ ಹೇಳ್ತಿದ್ದೆ.”

ಮದುವೆ ಹೆಣ್ಣಿನ ಮನೆಯಲ್ಲೇ ನಡೆಯಿತು, ಅಕ್ಕ ಕೋಣೆಯಲ್ಲೇ ಇದ್ದಳು. ಸೆಟ್ಟು ಹೋಯಿತು. ಮಾರನೆಯ ದಿನ ನಾನು ತಲೆ ಬಾಚಿಕೊಂಡು ಅವಳನ್ನು ಅಂಗಡಿಗೆ ಕರೆದುಕೊಂಡು ಹೋಗಲು ಬಂದೆ. ಅವಳ ತಾಯಿ ಬಾಗಿಲಲ್ಲೇ ತಡೆದರು. ಬೀಗರು ಇನ್ನೂ ಬಂದುಹೋಗುತ್ತಿದ್ದಾರೆ, ಚಿಕ್ಕವಳಿಗೆ ಒಂದು ಮಗುವಾಗಲಿ ಎಂದರು. ಮಗುವಾಯಿತು. ಚಿಕ್ಕವಳ ನಾದಿನಿಯ ಮದುವೆ ಮುಗಿಯಲಿ ಎಂದರು. ನವರಾತ್ರಿಯ ಗೊಂಬೆ ಕೂರಿಸುವ ಹೊತ್ತು ಬಂದಾಗಲೆಲ್ಲ ತೊಂಡಾಮುತ್ತೂರಿನಿಂದ ಹೇಳಿಕಳಿಸುತ್ತಿದ್ದರು, ನಮ್ಮ ಸೊಸೆಯ ಕೈಯದು ಇನ್ನೊಂದು ಸೆಟ್ಟು ಬೇಕು, ಅವಳು ತವರಿಗೆ ಬಂದಾಗ ಮಾಡಿಕೊಂಡು ಬರಲಿ, ಇಲ್ಲಿ ಮಾಡೆಂದರೆ ಕೈ ಬರುವುದಿಲ್ಲ ಎನ್ನುತ್ತಾಳೆ ಎಂದು. ತಂಗಿ ಬಂದು ಅಕ್ಕನ ಕೋಣೆಯಲ್ಲಿ ಕುಳಿತು ಅಳುತ್ತಿದ್ದಳು. ಅಕ್ಕ ಅವಳಿಗೆ ಪಟ್ಟೆ ಎಳೆಯಲು ಕಲಿಸಲು ನೋಡಿದಳು, ತಂಗಿಯ ಕೈಯಲ್ಲಿ ಹುಲಿಗಳೆಲ್ಲ ಬೆಕ್ಕುಗಳಾದವು. ನಾನು ಹೇಳಿದ ಒಂದು ಮಾತು ನಿಲ್ಲಬೇಕಾದರೆ ಈಗ ಅಕ್ಕ ಎಂಬವಳೇ ಇಲ್ಲದಂತಿರಬೇಕಿತ್ತು. ಅವಳು ಹೊರಬಂದರೆ ತೊನ್ನಷ್ಟೇ ಅಲ್ಲ, ಆ ಕೈಯೂ ಯಾರದೆಂದು ತಿಳಿದುಹೋಗುತ್ತಿತ್ತು.

ಆ ದಿನಗಳಲ್ಲಿ ಒಮ್ಮೆ ಆಟದ ನಡುವೆ ನನ್ನ ಮೂರೂ ಹುಲಿಗಳನ್ನು ಕಟ್ಟಿಹಾಕಿ, ಕಾಯಿಗಳನ್ನು ತೆಗೆಯದೆ ಕುಳಿತಳು.

“ಆಡು ಸತ್ರೆ ಆಚೆ ಹೋಗುತ್ತೆ,” ಎಂದಳು. “ಹುಲಿ ನೋಡು, ಸಾಯೋದೂ ಇಲ್ಲ, ಹೋಗೋದೂ ಇಲ್ಲ.”

ಕೊನೆಯ ಸೆಟ್ಟಿನಲ್ಲಿ ಅವಳು ಒಂದು ಆಡನ್ನು ಬೇರೆ ಮಾಡಿದಳು. ಮೈಯೆಲ್ಲ ಕಂದು. ಬಾಯಿಯ ಸುತ್ತ, ಎಡಗಣ್ಣಿನ ಕೆಳಗೆ, ಮುಂಗಾಲುಗಳ ಗೊರಸಿನ ಮೇಲೆ ಬಿಳಿ. ಬಿಳಿ ಬಣ್ಣ ಹಚ್ಚಿದ್ದಲ್ಲ, ಅಷ್ಟು ಜಾಗಕ್ಕೆ ಏನೂ ಹಚ್ಚದೆ ಬಿಟ್ಟಿದ್ದಳು, ಅಡಿಯ ಪ್ರೈಮರು ಹಾಗೆಯೇ ಕಾಣುತ್ತಿತ್ತು. ಊರ ತುಂಬ ಅಂಥ ಆಡುಗಳಿವೆ, ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಅವಳ ತಾಯಿಗೆ ಮಾತ್ರ ಕಂಡ ಕ್ಷಣಕ್ಕೆ ಅರ್ಥವಾಯಿತು. ಆ ಮುದುಕಿ ಅದನ್ನು ಕೈಗೆತ್ತಿಕೊಂಡು ಬಿಳಿ ಇದ್ದಲ್ಲೆಲ್ಲ ಹೆಬ್ಬೆರಳು ಆಡಿಸಿದರು. ಕೊನೆಗೆ, ಇದು ಬೇಡ ಮಗಳೇ, ಇದರ ಬದಲು ಇನ್ನೊಂದು ಮಾಡಿಬಿಡು ಎಂದರು. ಅಕ್ಕ ಹದಿನಾರನೆಯದನ್ನು ಮಾಡಿದಳು, ಉಳಿದವುಗಳಂತೆ. ಆ ಬಿಳಿ ಮಚ್ಚೆಯ ಆಡನ್ನು ನನ್ನ ಸೆರಗಿನ ತುದಿಯಲ್ಲಿ ಕಟ್ಟಿದಳು.

“ನೀ ಇಟ್ಕೋ ಕಣ್ಣು. ಇದಕ್ಕೂ ಹೊರಗ ಹೋಗಕ್ಕಿಲ್ಲ.”

ಆ ವರ್ಷವೇ ನಿಮ್ಮ ತಾತ ಮಗ್ಗಗಳನ್ನು ಮಾರಿದರು, ನಾವು ತಿರುಪ್ಪೂರಿಗೆ ಬಂದೆವು. ಹೊರಡುವ ದಿನ ಅವಳ ಕೋಣೆಗೆ ಹೋಗಿ ನಾನೇ ನೀರು ಕೇಳಿ ಕುಡಿದೆ. ಅವಳು ಇನ್ನರ್ಧ ಚೊಂಬು ಬಗ್ಗಿಸಿದಳು. ಮೂರೋ ನಾಲ್ಕೋ ವರ್ಷದ ಮೇಲೆ ಆ ಬೀದಿಯವರೊಬ್ಬರು ಸಿಕ್ಕಿ, ಹಿಂದಿನ ಮನೆಯ ದೊಡ್ಡವಳು ಜ್ವರದಲ್ಲಿ ಹೋಗಿಬಿಟ್ಟಳಂತೆ, ನಮಗೂ ತಿಂಗಳಾದ ಮೇಲೆ ತಿಳಿಯಿತು ಎಂದರು. ಬಣ್ಣದ ಅಂಗಡಿಗೆ ಒಮ್ಮೆಯಾದರೂ ಹೋದಳೇ ಎಂದು ಕೇಳಬೇಕೆನ್ನಿಸಿತು. ಏನೆಂದು ಕೇಳುವುದು.

ಮೊನ್ನೆ ಅರಿಸಿನ ಕುಂಕುಮದ ಹಳೆಯ ಡಬ್ಬಿಯಿಂದ ಆ ಆಡನ್ನು ತೆಗೆದು ಮೊಮ್ಮಗನಿಗೆ ತೋರಿಸಿದೆ. ಅವನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಇದು ಮೊದಲು ಒಂಟೆಯಾಗಿತ್ತು ಎಂದು ತಾನಾಗಿಯೇ ಕಂಡುಹಿಡಿದ. ಅಲ್ಲಲ್ಲಿ ಬಣ್ಣ ಹೋಗಿದೆ, ಸರಿ ಮಾಡಿಕೊಡಲೇ ಎಂದು ಬ್ರಷ್ ತೆಗೆದ. ನಾನು ಅವನ ಕೈ ಹಿಡಿದುಕೊಂಡೆ. ಹೋಗಿಲ್ಲ, ಹಾಗೆಯೇ ಬಿಟ್ಟದ್ದು ಎಂದೆ.

“ಯಾರಜ್ಜಿ ಇದ ಮಾಡಿದ್ದು?”

ಹೇಳಿದೆ. ಅವಳ ಹೆಸರನ್ನು ಹೇಳಿದೆ. ಮದುವೆ ಹುಡುಗಿಯಲ್ಲ, ಅವಳ ಅಕ್ಕ ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಆದರೂ ಇಲ್ಲಿ ಆ ಹೆಸರನ್ನು ಬರೆದಿಲ್ಲ, ನೋಡಿ. ಬರೆಯಲು ಎರಡು ಸಲ ಪೆನ್ನು ಇಟ್ಟೆ. ತಂಗಿಯ ಮೊಮ್ಮಗಳು ಕಾಲೇಜಿಗೆ ಸೇರಿದ್ದಾಳಂತೆ, ಇನ್ನೆರಡು ವರ್ಷಕ್ಕೆ ಸಂಬಂಧ ನೋಡುತ್ತಾರಂತೆ.

ಮೊನ್ನೆ ಅವನಿಗೆ ತೋರಿಸಿದ ಮೇಲೆ ಆಡನ್ನು ಪಡಸಾಲೆಯ ಕಿಟಕಿಯ ಮೇಲೆ, ಬೀದಿ ಕಾಣುವ ಹಾಗೆ ಇಟ್ಟಿದ್ದೆ. ಮಧ್ಯಾಹ್ನವೆಲ್ಲ ಅಲ್ಲಿತ್ತು. ಸಂಜೆ ಗೇಟಿನ ಸದ್ದಾಯಿತು, ಯಾರೋ ನೆಂಟರು ಬಂದಿದ್ದಾರೆ ಎಂದು ಸೊಸೆ ಕೂಗಿದಳು. ನಾನು ಎದ್ದು ಬಾಗಿಲು ತೆಗೆಯುವಷ್ಟರಲ್ಲಿ ನೋಡುತ್ತೇನೆ, ಕಿಟಕಿಯ ಆಡನ್ನು ಈ ಕೈ ಆಗಲೇ ನನ್ನ ಸೆರಗಿನ ತುದಿಯಲ್ಲಿ ಗಂಟು ಹಾಕಿತ್ತು.